ಒಳಗಾಜಿನ ಗೀರು

ಫೋಟೋ ಸ್ಟುಡಿಯೋದಲ್ಲಿ ಇಪ್ಪತ್ತೊಂದು ವರ್ಷ ದುಡಿದ ಹೆಂಗಸು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಅಂಗಡಿಯ ಮೆಟ್ಟಿಲು ಹತ್ತಿ, "ಹೊಸದಾಗಿ ಕಲಿಯೋರಿಗೆ ಒಂದು ಹಳೇ ಡಿಎಸ್ಎಲ್ಆರ್ ಬೇಕಿತ್ತು" ಎಂದು ಕೇಳಿದರೆ ಯಾರಿಗಾದರೂ ನಗು ಬರುತ್ತದೆ. ಕೇಳಿದವಳು ಕತ್ತರಿ ಅಕ್ಕ. ಕಲಿಯಬೇಕಾದವಳೂ ಅವಳೇ. ವಯಸ್ಸು ನಲವತ್ತಾರು. ನಗುವವರು ಮೊದಲು ಪೂರ್ತಿ ಕೇಳಿಸಿಕೊಳ್ಳಲಿ, ಆಮೇಲೆ ಬೇಕಾದರೆ ನಗಲಿ.

ಪಾಸ್‌ಪೋರ್ಟ್ ಫೋಟೋ ಕತ್ತರಿಸಿ ಕತ್ತರಿಸಿಯೇ ಅವಳಿಗೆ ಆ ಹೆಸರು ಬಂದದ್ದು. ಸ್ಟುಡಿಯೋದ ಮುಂದಿನ ಕೋಣೆಯಲ್ಲಿ ದೀಪ, ಬಿಳಿ ಪರದೆ, ಸ್ಟೂಲು, ಕ್ಯಾಮೆರಾ, ಯಜಮಾನರು. ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಟ್ಯೂಬ್‌ಲೈಟು, ಇವಳು. ಕಿಟಕಿ ಇರಲಿಲ್ಲ. ಯಜಮಾನರು ಹೊಡೆದ ಫೋಟೋಗಳಲ್ಲಿ ಮೊಡವೆ ಅಳಿಸುವುದು, ಸೊಟ್ಟ ಕಾಲರು ನೆಟ್ಟಗೆ ಮಾಡುವುದು, ಅಚ್ಚು ಹಾಕುವುದು, ಎಂಟೆಂಟು ಕತ್ತರಿಸಿ ಲಕೋಟೆಗೆ ತುಂಬುವುದು ಇವಳ ಕೆಲಸ. ಕತ್ತರಿ ಹಿಡಿದರೆ ಗೆರೆ ಹಾಕಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಅಷ್ಟು ನೆಟ್ಟಗಿನ ಕೈ.

ಆ ಕೈಗೆ ಕ್ಯಾಮೆರಾ ಸಿಗುವ ಕಾಲವೂ ಒಮ್ಮೆ ಬಂದಿತ್ತು. ಎಂಟು ವರ್ಷದ ಹಿಂದೆ ಹೊಸ ಡಿಎಸ್ಎಲ್ಆರ್ ಬಂದಾಗ ಯಜಮಾನರು ಖುಷಿಯಲ್ಲಿದ್ದರು. "ಹೆಣ್ಣುಮಕ್ಕಳ ಫೋಟೋ, ಮಕ್ಕಳ ಫೋಟೋ ಇನ್ಮೇಲೆ ನೀನೇ ತೆಗಿಯಮ್ಮ. ನಾನು ಹೇಳ್ಕೊಡ್ತೀನಿ," ಎಂದಿದ್ದರು. ನಾಲ್ಕು ದಿನ ಹೇಳಿಯೂ ಕೊಟ್ಟರು. ಐದನೇ ದಿನ ಬೆಳಿಗ್ಗೆ ಫೋಟೋಗಳಲ್ಲಿ ಒಂದು ಗೆರೆ ಕಾಣಿಸಿಕೊಂಡಿತು. ಬಿಳಿ ಪರದೆಯ ಮೇಲೆ, ಎಡಭುಜದಿಂದ ಒಂದಿಷ್ಟು ಮೇಲೆ, ಕೂದಲೆಳೆಯಷ್ಟು ತೆಳ್ಳಗೆ, ತುದಿ ಕೊಂಚ ಬಾಗಿದ ಬೂದು ಗೆರೆ. ಲೆನ್ಸು ಬದಲಿಸಿದರೂ ಹೋಗಲಿಲ್ಲ. ಲೆನ್ಸಿನ ಹಿಂದಿರುವ, ಕ್ಯಾಮೆರಾದ ಒಳಗಾಜಿನ ಮೇಲೆಯೇ ಗೀರು ಬಿದ್ದಿತ್ತು.

"ನಿನ್ನೆ ಸಾಯಂಕಾಲ ಕ್ಯಾಮೆರಾ ಒರೆಸಿದ್ದು ಯಾರು?" ಎಂದು ಯಜಮಾನರು ಗಿರಾಕಿಗಳ ಎದುರಿಗೇ ಕೇಳಿದರು.

ಒರೆಸಿದ್ದು ಇವಳೇ. ಹೊರಗಿನಿಂದ, ಒಣಬಟ್ಟೆಯಲ್ಲಿ. ಲೆನ್ಸು ಬಿಚ್ಚಿಯೇ ಇರಲಿಲ್ಲ. ಹಾಗೆಂದು ಹೇಳಿದಳು.

"ಬಿಚ್ಚದೆ ಒಳಗೆ ಗೀರು ಹೇಗೆ ಬೀಳುತ್ತೆ? ಗೊತ್ತಿಲ್ಲದೆ ಮಾಡಿರ್ತೀಯ. ನೆನಪು ಮಾಡ್ಕೋ."

ಇವಳು ನೆನಪು ಮಾಡಿಕೊಂಡಳು. ಯಜಮಾನರು ಅಷ್ಟು ಗಟ್ಟಿಯಾಗಿ ಹೇಳುತ್ತಿದ್ದಾರೆ, ಸ್ಟೂಲಿನ ಮೇಲೆ ಕೂತ ಗಿರಾಕಿ ಬಾಯಿಬಿಟ್ಟುಕೊಂಡು ನೋಡುತ್ತಿದ್ದಾನೆ. ತಪ್ಪಿಲ್ಲದವರಿಗೂ ಅಂಥ ಹೊತ್ತಿನಲ್ಲಿ ತಮ್ಮ ಮೇಲೆಯೇ ಅನುಮಾನ ಬರುತ್ತದಲ್ಲ, ಅದು ಬಂತು. "ಇರಬಹುದೇನೋ, ಯಜಮಾನ್ರೇ," ಎಂದುಬಿಟ್ಟಳು. ಅವಳ ಬದುಕಿನ ದೊಡ್ಡ ತಪ್ಪು ಆ ಮಾತು. ಅಷ್ಟು ಸಾಕಾಯಿತು ಅವರಿಗೆ. ಕ್ಯಾಮೆರಾ ಮುಟ್ಟುವುದು ಅಂದಿಗೇ ನಿಂತಿತು. "ನಿನ್ನಿಂದ ಆದದ್ದು, ನೀನೇ ಅಳಿಸು," ಎಂದರು. ಬಂದ ಒಬ್ಬೊಬ್ಬರ ಭುಜದ ಮೇಲಿನ ಆ ಗೆರೆಯನ್ನು ಎಂಟು ವರ್ಷ ಅವಳೇ ಅಳಿಸಿದಳು.

ಮಾತು ಸ್ಟುಡಿಯೋದಲ್ಲೇ ಉಳಿದಿದ್ದರೆ ಹೋಗಲಿ ಎನ್ನಬಹುದಿತ್ತು. ಯಜಮಾನರಿಗೆ ಅದನ್ನು ಹೇಳಿಕೊಂಡು ತಿರುಗುವುದೆಂದರೆ ಒಂದು ಚಪಲ. ಬಂದವರೆದುರಿಗೆಲ್ಲ, "ಕತ್ತರಿ ಬಿಟ್ಟು ಬೇರೇನೂ ಕೊಡಬೇಡಿ ಇವಳ ಕೈಗೆ," ಎಂದು ನಗುತ್ತಿದ್ದರು. ಮಾತು ಮನೆಗೂ ಬಂತು. ಅಮ್ಮ ಗಾಜಿನ ಲೋಟಗಳ ತಟ್ಟೆಯನ್ನು ಇವಳ ಕೈ ತಪ್ಪಿಸಿ ತಂಗಿಯ ಕೈಗೆ ಕೊಡತೊಡಗಿದರು. ತಂಗಿಯ ಮಗು ಹುಟ್ಟಿದಾಗ ಎಲ್ಲರೂ ಎತ್ತಿಕೊಂಡರು. ಇವಳಿಗೆ ಮಾತ್ರ, "ಕೂತ್ಕೋ ಅಕ್ಕಾ, ಮಡಿಲಲ್ಲಿ ಇಡ್ತೀನಿ," ಎಂದಳು ತಂಗಿ. ಪ್ರೀತಿಯಿಂದಲೇ ಹೇಳಿದ್ದು. ಅದಕ್ಕೇ ಹೆಚ್ಚು ಚುಚ್ಚಿತು. ಬರಬರುತ್ತ ಕೈ ನಿಜವಾಗಿಯೂ ನಡುಗತೊಡಗಿತು. ಕತ್ತರಿ ಹಿಡಿದಾಗ ಇಲ್ಲ, ಬೇರೆ ಏನು ಹಿಡಿದರೂ.

ಈ ವರ್ಷ ಯಜಮಾನರು ಸ್ಟುಡಿಯೋ ಮುಚ್ಚಿದರು. ಎಲ್ಲರೂ ಫೋನಿನಲ್ಲೇ ತೆಗೆದುಕೊಳ್ಳುತ್ತಾರೆ, ಯಾರು ಬರುತ್ತಾರೆ ಇಲ್ಲಿಗೆ ಎಂದು ಹೇಳಿ ಕೈ ತೊಳೆದುಕೊಂಡರು. ಸಾಮಾನೆಲ್ಲ ಮಾರಿದರು. ಕತ್ತರಿಯನ್ನು ಮಾತ್ರ ಇವಳಿಗೆ ಕೊಟ್ಟರು, ದೊಡ್ಡ ಮನಸ್ಸು ಮಾಡಿ.

ಮೂರು ತಿಂಗಳು ಮನೆಯಲ್ಲಿ ಕೂತಮೇಲೆ ಒಂದು ದಾರಿ ಕಂಡಿತು. ಹತ್ತಿರದ ಶಾಲೆಯವರಿಗೆ ಮಕ್ಕಳ ಗುರುತಿನ ಚೀಟಿಗೆ ಫೋಟೋ ಬೇಕಿತ್ತು. ತೆಗೆಯುವುದು, ತಿದ್ದುವುದು, ಕತ್ತರಿಸುವುದು ಎಲ್ಲ ಒಬ್ಬರೇ ಮಾಡಿಕೊಡಬೇಕು. "ಸೋಮವಾರ ಬನ್ನಿ. ಫೋನಲ್ಲಿ ಬೇಡ, ದೊಡ್ಡ ಕ್ಯಾಮೆರಾ ತನ್ನಿ. ಸರಿಯಾದರೆ ಪ್ರತಿ ವರ್ಷ ನಿಮಗೇ," ಎಂದರು ಹೆಡ್‌ಮಿಸ್. ಇವಳು ಹೂಂ ಎಂದು ಬಂದಳು. ಕ್ಯಾಮೆರಾ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಶನಿವಾರ ಬೆಳಿಗ್ಗೆ ತಂಗಿಯನ್ನು ಕರೆದುಕೊಂಡು ಅಂಗಡಿಗೆ ಹೊರಟಳು. ತಂಗಿಗೆ ಕ್ಯಾಮೆರಾದ ಗಂಧಗಾಳಿ ಗೊತ್ತಿಲ್ಲ. ಅವಳನ್ನು ಕರೆದದ್ದು ಯಾಕೆಂದರೆ, ಕೊಂಡ ಕ್ಯಾಮೆರಾವನ್ನು ಬಸ್ಸಿನಲ್ಲಿ ಯಾರಾದರೂ ಜೋಪಾನವಾಗಿ ಹಿಡಿದುಕೊಳ್ಳಬೇಕಲ್ಲ.

ಅಂಗಡಿಯವನು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಗಂಭೀರ ಮನುಷ್ಯ. "ಯಾರಿಗಮ್ಮ, ಮಗಳಿಗಾ?" ಎಂದ.

"ನನಗೇ."

ಅವನು ನಗಲಿಲ್ಲ. ಮೂರು ಕ್ಯಾಮೆರಾ ತೆಗೆದು ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಇಟ್ಟ. ಪ್ರತಿ ಕ್ಯಾಮೆರಾಕ್ಕೂ ದಾರದಲ್ಲಿ ಒಂದು ಮಡಿಸಿದ ಚೀಟಿ ಕಟ್ಟಿತ್ತು.

"ಕಾರಿಗೆ ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳ್ತೀವಲ್ಲ, ಹಾಗೆ ಇದಕ್ಕೆ ಎಷ್ಟು ಫೋಟೋ ಹೊಡೆದಿದೆ ಅಂತ ಕೇಳಬೇಕು," ಎಂದ. ಕಂಪ್ಯೂಟರಿಗೆ ಒಂದೊಂದನ್ನೇ ಜೋಡಿಸಿ ತೋರಿಸಿದ. ಮೊದಲನೆಯದು ನಲವತ್ತೆಂಟು ಸಾವಿರ. ಚಿಕ್ಕದು, ಹಿಡಿಯ ರಬ್ಬರು ಸಡಿಲ. ಎರಡನೆಯದು ಮೂವತ್ತು ಸಾವಿರವೇ. ಆದರೆ ಲೆನ್ಸಿಗೆ ಟಾರ್ಚು ಬಿಟ್ಟು ನೋಡಿದರೆ ಒಳಗೆ ಬೂಷ್ಟು. ಮೂರನೆಯದು ಒಂದು ಲಕ್ಷ ಇಪ್ಪತ್ತು ಸಾವಿರ.

"ಅಯ್ಯೋ, ಇದು ಮುದುಕಿ," ಎಂದಳು ತಂಗಿ.

"ಮುದುಕಿ ನಿಜ, ಗಟ್ಟಿ ಮುದುಕಿ," ಎಂದ ಅಂಗಡಿಯವನು. "ಈ ಮಾಡೆಲ್ಲು ಎರಡು ಲಕ್ಷದ ತನಕ ತಡೆಯುತ್ತೆ. ರಬ್ಬರು, ಪಟ್ಟಿ ಹೊಸದು ಹಾಕಿದ್ದೀನಿ. ಸಣ್ಣ ದೋಷ ಒಂದಿದೆ, ಅದಕ್ಕೇ ಮೂರರಲ್ಲೂ ಇದೇ ಅಗ್ಗ. ನಿಮಗೆ ಇದನ್ನೇ ಹೇಳ್ತೀನಿ."

ಕತ್ತರಿ ಅಕ್ಕನಿಗೆ ಕ್ಯಾಮೆರಾ ಪರೀಕ್ಷೆ ಮಾಡಲು ಬರುತ್ತಿದ್ದದ್ದು ಒಂದೇ ಬಗೆ. "ಒಂದು ಬಿಳಿ ಹಾಳೆ ಗೋಡೆಗೆ ಅಂಟಿಸ್ತೀರಾ? ಬೆಳಕು ಬರೋ ಕಿಂಡೀನ ತೀರ ಚಿಕ್ಕದು ಮಾಡಿ ಹೊಡೀರಿ," ಎಂದಳು. ಅಂಗಡಿಯವನು ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, "ಕಲಿಯೋರು ಅಂದ್ರಿ," ಎಂದ. ಮೂರರಲ್ಲೂ ಹೊಡೆದು ಕಂಪ್ಯೂಟರಿನ ಪರದೆಗೆ ಹಾಕಿದ. ಮೊದಲನೆಯದು ಸ್ವಚ್ಛ. ಎರಡನೆಯದರಲ್ಲಿ ನಾಲ್ಕು ಧೂಳಿನ ಚುಕ್ಕೆ, ಊದಿದರೆ ಹೋಗುವಂಥವು. ಮೂರನೆಯದನ್ನು ನೋಡುತ್ತಲೇ ಕತ್ತರಿ ಅಕ್ಕ ಕುರ್ಚಿ ಎಳೆದುಕೊಂಡಳು. ಕೂರಲಿಲ್ಲ.

"ಇದನ್ನ ನೆಟ್ಟಗೆ ತಿರುಗಿಸಿ. ಪಾಸ್‌ಪೋರ್ಟ್ ಫೋಟೋ ಥರ."

ತಿರುಗಿಸಿದ. ಎಡಭುಜ ಇರಬೇಕಾದ ಜಾಗದಿಂದ ಒಂದಿಷ್ಟು ಮೇಲೆ, ಕೂದಲೆಳೆಯಷ್ಟು ತೆಳ್ಳಗೆ, ತುದಿ ಕೊಂಚ ಬಾಗಿ, ಅದು ಅಲ್ಲಿತ್ತು. ಹೆತ್ತವರ ಮುಖ ಮರೆತರೂ ಆ ಗೆರೆಯನ್ನು ಅವಳು ಮರೆಯುವಂತಿರಲಿಲ್ಲ.

"ಸ್ಟುಡಿಯೋ ಕ್ಯಾಮೆರಾ ಕಣೇ," ಎಂದಳು ತಂಗಿಗೆ.

"ನೀನು ಗೀರಿದ್ದಾ?" ಎಂದಳು ತಂಗಿ. ಬೇಕೆಂದು ಕೇಳಿದ್ದಲ್ಲ. ಮನೆಯಲ್ಲಿ ಅದರ ಹೆಸರೇ 'ಅಕ್ಕ ಗೀರಿದ ಕ್ಯಾಮೆರಾ' ಎಂದಾಗಿತ್ತು.

ಅಂಗಡಿಯವನು ಇಬ್ಬರನ್ನೂ ನೋಡಿದ. "ದೋಷ ಮುಚ್ಚಿಟ್ಟು ಮಾರೋ ಅಭ್ಯಾಸ ನನಗಿಲ್ಲಮ್ಮ. ಮಾರೋಕೆ ಬಂದವರ ಕೈಯಲ್ಲೇ ಏನಾಗಿದೆ, ಹೇಗಾಯ್ತು ಅಂತ ಬರೆಸಿ ಸಹಿ ಹಾಕಿಸ್ಕೋತೀನಿ. ತಾವೇ ಒರೆಸುವಾಗ ಆಗಿದ್ರೆ ಸ್ವಲ್ಪ ಕಡಿತ, ಬಿದ್ದು ಆಗಿದ್ರೆ ಅರ್ಧ ಬೆಲೆ. ಗೊತ್ತಿಲ್ಲದವರ ಕೈಗೆ ಸಿಕ್ಕಿ ಆಗಿದ್ರೂ ಅರ್ಧವೇ, ಒಳಗೆ ಇನ್ನೇನು ಮಾಡಿದಾರೋ ಯಾರಿಗೆ ಗೊತ್ತು? ಓದ್ಕೊಳ್ಳಿ," ಎಂದು ಚೀಟಿಯನ್ನು ಬಿಡಿಸಿ ಕೊಟ್ಟ.

ಅಕ್ಷರ ಯಜಮಾನರದು. ಲಕೋಟೆಗಳ ಮೇಲೆ ಗಿರಾಕಿಗಳ ಹೆಸರು ಬರೆಯುತ್ತಿದ್ದ ಅದೇ ಗುಂಡನೆಯ ಅಕ್ಷರ. "ಒಳಗಾಜಿನ ಮೇಲೆ ಒಂದು ಗೀರು ಇದೆ. ಎಂಟು ವರ್ಷದ ಹಿಂದೆ ನಾನೇ ಲೆನ್ಸ್ ಬಿಚ್ಚಿ ಧೂಳು ಒರೆಸುವಾಗ ಆದದ್ದು. ಕ್ಯಾಮೆರಾ ಬಿದ್ದಿಲ್ಲ. ನನ್ನನ್ನು ಬಿಟ್ಟು ಬೇರೆ ಯಾರೂ ಒಳಗೆ ಮುಟ್ಟಿಲ್ಲ." ಕೆಳಗೆ ಸಹಿ, ತಾರೀಖು.

ಅಲ್ಲ, ಎಂಥ ಮನುಷ್ಯ ನೋಡಿ. ಇಪ್ಪತ್ತೊಂದು ವರ್ಷ ಎದುರಿಗೆ ದುಡಿದವಳಿಗೆ ಹೇಳದ ಸತ್ಯವನ್ನು ಮುಖಪರಿಚಯವಿಲ್ಲದ ಅಂಗಡಿಯವನಿಗೆ ಬರೆದು ಸಹಿ ಹಾಕಿ ಕೊಟ್ಟಿದ್ದರು. ಅಲ್ಲಿ ಸತ್ಯಕ್ಕೆ ಬೆಲೆ ಇತ್ತು, ಅದಕ್ಕೆ.

ಕತ್ತರಿ ಅಕ್ಕ ಚೀಟಿಯನ್ನು ಎರಡು ಸಲ ಓದಿ ತಂಗಿಗೆ ಕೊಟ್ಟಳು. ತಂಗಿ ಓದಿದಳು. ಅವಳ ಮುಖ ಕೆಂಪಗಾಯಿತು. ಅಷ್ಟರಲ್ಲಿ ಕತ್ತರಿ ಅಕ್ಕ ಫೋನು ತೆಗೆದು ಯಜಮಾನರಿಗೆ ಹಚ್ಚಿ, ಜೋರಾಗಿ ಕೇಳುವಂತೆ ಇಟ್ಟಳು.

"ಯಜಮಾನ್ರೇ, ನಾನು. ಹಳೇ ಕ್ಯಾಮೆರಾ ಅಂಗಡೀಲಿದ್ದೀನಿ. ನಮ್ಮ ಸ್ಟುಡಿಯೋದ್ದು ಇಲ್ಲಿದೆ. ತಗೊಳ್ಳೋಣ ಅಂತ."

"ಅದು ಬೇಡಮ್ಮ, ಅದರಲ್ಲಿ ಗೀರಿದೆ. ಗೊತ್ತಲ್ಲ ನಿನಗೆ."

"ಅದು ಹೇಗಾಗಿತ್ತು, ಯಜಮಾನ್ರೇ?"

"ಈಗ ಯಾಕಮ್ಮ ಅದೆಲ್ಲ?" ಅವರ ದನಿಯಲ್ಲಿ ನಗು ಇತ್ತು, ಸಲಿಗೆ ಇತ್ತು. "ನಿನ್ನ ಕೈಯಿಂದ ಆದದ್ದು. ಹೋಗಲಿ ಬಿಡು, ನಾನು ಯಾವತ್ತೋ ಕ್ಷಮಿಸಿಬಿಟ್ಟಿದ್ದೀನಿ."

ಬೈಯಬೇಕಿತ್ತು. ಬಾಯಿತುಂಬ ಬೈಯಬೇಕಿತ್ತು. "ಆಯ್ತು, ಇಡ್ತೀನಿ," ಎಂದು ಫೋನು ಇಟ್ಟಳು. ಅಂಗಡಿಯವನು ಮೂರನೇ ಕ್ಯಾಮೆರಾವನ್ನು ಸದ್ದಿಲ್ಲದೆ ಕಪಾಟಿಗೆ ಸೇರಿಸಿದ.

"ಮೊದಲನೇದು ಕೊಡಿ," ಎಂದಳು ಕತ್ತರಿ ಅಕ್ಕ. "ರಬ್ಬರು ಅಂಟಿಸಿಕೊಡಿ ಸಾಕು. ಇನ್ನೊಂದು, ಆ ಚೀಟಿ ನನಗೆ ಬೇಕು."

"ಕೊಡೋ ಹಾಗಿಲ್ಲಮ್ಮ, ಕ್ಯಾಮೆರಾ ಜೊತೆ ಇರಬೇಕು," ಎಂದ. ಆದರೂ ಅದರದೊಂದು ಜೆರಾಕ್ಸ್ ತೆಗೆದುಕೊಟ್ಟ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟಳು.

ಚೀಲದಲ್ಲಿ ಹಾಕಿದ ಕ್ಯಾಮೆರಾವನ್ನು ಅಂಗಡಿಯವನು ಮೇಜಿನ ಮೇಲಿಟ್ಟಾಗ ತಂಗಿ ಅಭ್ಯಾಸದಂತೆ ಕೈ ಚಾಚಿದಳು. ಚಾಚಿದವಳು ನಾಚಿ ಹಿಂದೆ ಎಳೆದುಕೊಂಡಳು. "ನೀನೇ ಹಿಡ್ಕೋ ಅಕ್ಕಾ," ಎಂದಳು. ಅವಳ ಕಣ್ಣು ತುಂಬಿತ್ತು. "ಮಗೂನ ಕೂಡ ನಿನಗೆ ಎತ್ಕೊಳ್ಳೋಕೆ ಬಿಡಲಿಲ್ಲವಲ್ಲ ನಾನು."

ಕತ್ತರಿ ಅಕ್ಕ ಚೀಲದ ಪಟ್ಟಿ ಹಿಡಿದು ಎತ್ತಿದಳು. ಮೇಜಿನಿಂದ ಒಂದು ಗೇಣು ಮೇಲೆ ಬಂತು. ಕೈ ನಡುಗಿತು. ಮೊದಲು ಬೆರಳು, ಆಮೇಲೆ ಮಣಿಕಟ್ಟು. ಇನ್ನೊಂದು ಕೈಯನ್ನೂ ಕೊಟ್ಟಳು, ಅದೂ ನಡುಗಿತು. ಚೀಟಿಯಲ್ಲಿದ್ದದ್ದು ತಲೆಗೆ ತಿಳಿದಿತ್ತು, ಕೈಗೆ ಯಾರು ತಿಳಿಸಬೇಕು? ಮೆಲ್ಲಗೆ ಚೀಲವನ್ನು ಮತ್ತೆ ಮೇಜಿನ ಮೇಲೆ ಇಳಿಸಿದಳು.

"ನೀನೇ ಹಿಡ್ಕೊಳ್ಳೇ," ಎಂದಳು ತಂಗಿಗೆ. "ನನ್ನ ಕೈಯಲ್ಲಿ ಬಿದ್ದುಬಿಟ್ರೆ."

ತಂಗಿ ಚೀಲವನ್ನು ಎದೆಗವಚಿಕೊಂಡಳು. ಇಬ್ಬರೂ ಮೆಟ್ಟಿಲಿಳಿದು ಬಸ್ ನಿಲ್ದಾಣದ ಕಡೆ ನಡೆದರು. ಸೋಮವಾರ ಶಾಲೆಗೆ ತಂಗಿ ಬರುವಂತಿರಲಿಲ್ಲ. ಅವಳಿಗೆ ಕೆಲಸವಿತ್ತು. ಅಂದು ಕ್ಯಾಮೆರಾ ಹಿಡಿಯಬೇಕಾದದ್ದು ಕತ್ತರಿ ಅಕ್ಕನೊಬ್ಬಳೇ.