ಅರ್ಕಾವತಿಯಲ್ಲಿ ಸಿಕ್ಕ ಬಂಗುಡೆ

ನಮ್ಮ ಅರ್ಕಾವತಿಯಲ್ಲಿ ಬಂಗುಡೆ ಮೀನಿದೆ. ನಂಬುತ್ತೀರಾ? ಸಮುದ್ರದ ಮೀನು, ಕನಕಪುರದ ಹೊಳೆಯಲ್ಲಿ! ನಾನು ಹೇಳುತ್ತಿಲ್ಲ, ಲ್ಯಾಬ್ ರಿಪೋರ್ಟ್ ಹೇಳುತ್ತಿದೆ.

ಕನಕಪುರದಾಚೆ ಹೊಳೆದಂಡೆಯಲ್ಲಿ ನನ್ನ ಸೋದರಮಾವ ಸಿದ್ದೇಗೌಡರ ಮನೆ. ಹೊಳೆಯಲ್ಲಿ ನೀರುನಾಯಿ ನೋಡಿದೆ ಎಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದಾರೆ. ಫೋಟೊ ಇಲ್ಲ. ‘ಗೌಡ್ರೇ, ನಾಯಿ ಬೊಗುಳ್ತಾ?’ ಎಂದು ಟೀ ಅಂಗಡಿಯಲ್ಲಿ ಕಿಚಾಯಿಸುತ್ತಾರೆ. ಮಾವ ಆ ಅಂಗಡಿಗೆ ಹೋಗುವುದನ್ನೇ ಬಿಟ್ಟರು.

ಆಗ ಪರಿಚಯವಾದವಳು ಅನಿತಾ, ಹೊಳೆಯ ಜೀವಿಗಳ ಬಗ್ಗೆ ರಿಸರ್ಚ್ ಮಾಡುವ ಹುಡುಗಿ. ಪ್ರಾಣಿ ಕಣ್ಣಿಗೆ ಬೀಳಲೇಬೇಕೆಂದಿಲ್ಲವಂತೆ. ಅದರ ಚರ್ಮ, ಜೊಲ್ಲು, ಹಿಕ್ಕೆಯಿಂದ ನೀರಿಗೆ ಸೇರಿದ ಡಿಎನ್‌ಎ ಸಾಕು. ಒಂದು ಬಾಟಲಿ ನೀರು ಕೊಟ್ಟರೆ ಹೊಳೆಯಲ್ಲಿ ಏನೇನಿದೆ ಎಂದು ಲ್ಯಾಬ್ ಹೇಳುತ್ತದೆ. (ನಮ್ಮೂರ ಗಾಳಿಸುದ್ದಿಗೂ ಇಂಥದ್ದೊಂದು ಟೆಸ್ಟ್ ಬೇಕಿತ್ತು.)

ಒಂದು ಭಾನುವಾರ ಅವಳನ್ನು ಕರೆದುಕೊಂಡು ಹೋದೆ. ಬರಿಗೈಲಿ ಹೋಗಬಾರದಲ್ಲ? ರಾಮನಗರದಲ್ಲಿ ಒಂದು ಕೆಜಿ ಬಂಗುಡೆ ಕಟ್ಟಿಸಿಕೊಂಡೆ. ಅನಿತಾ ಗ್ಲೌಸ್ ತೊಟ್ಟು, ಬಾಟಲಿಗೆ ಮುಕ್ಕಾಲು ಭಾಗ ಹೊಳೆ ನೀರು ತುಂಬಿ, ಜಗಲಿಯ ಮೇಲಿಟ್ಟು, ಐಸ್ ಬಾಕ್ಸ್ ತರಲು ಕಾರಿನತ್ತ ಹೋದಳು.

ಮಾವನಿಗೆ ಸಂಕಟ ಶುರುವಾಯಿತು. ‘ಹೆಣ್ಮಗೀನ ಅರೆಬರೆ ಬಾಟ್ಲಿ ಕೊಟ್ಟು ಕಳಿಸ್ತಾರೇನ್ಲಾ? ತಡಿ, ಒಸಿ ತುಂಬುಸ್ಬುಡನ’ ಎಂದವರೇ ಒಳಗಿಂದ ಒಂದು ಚೊಂಬು ನೀರು ತಂದು ಕಂಠದವರೆಗೂ ಸುರಿದರು. ಅತ್ತೆ ಅದೇ ಚೊಂಬಿನಲ್ಲಿ ನೀರು ಮೊಗೆದು ಆಗಷ್ಟೇ ಬಂಗುಡೆ ತೊಳೆದಿದ್ದರು. ಬಾಟಲಿಯ ಮುಚ್ಚಳ ಹಿಡಿದು ನಿಂತಿದ್ದವನು ನಾನೇ. ಬಂದವರಿಗೆ ಮಡಿಲು ತುಂಬಿ ಕಳಿಸುವ ಮನೆಯಲ್ಲಿ ಬಾಟಲಿ ಅರೆಬರೆ ಕಂಡರೆ ಚೆನ್ನಾಗಿರುವುದಿಲ್ಲ ಎಂದು ನನಗೂ ಅನ್ನಿಸಿತ್ತು.

ಮೊನ್ನೆ ಅನಿತಾಳ ಫೋನ್. ‘ಸಾರ್, ಬಂಗುಡೆ ಎಲ್ಲಿಂದ ಬಂತು?’

ತಪ್ಪೊಪ್ಪಿಕೊಂಡೆ.

‘ಲಿಸ್ಟಲ್ಲಿ ನೀರುನಾಯೀನೂ ಇದೆ ಸಾರ್. ಆದ್ರೆ ಬರೆಯೋ ಹಾಗಿಲ್ಲ. ಬಂಗುಡೆ ಸುಳ್ಳು ಅಂದ್ಮೇಲೆ ನೀರುನಾಯಿ ನಿಜ ಅಂತ ಯಾರು ಒಪ್ತಾರೆ?’

ಎರಡು ವರ್ಷ ನಗೆಪಾಟಲಾದ ಮನುಷ್ಯನಿಗೆ ಸಾಕ್ಷಿ ಸಿಕ್ಕಿತ್ತು. ಅದನ್ನು ಅವರೂ ನಾನೂ ಸೇರಿ ಕೆಡಿಸಿದೆವು. ಮಾವನಿಗೆ ಫೋನಿನಲ್ಲಿ ವಿಷಯ ತಿಳಿಸಿದೆ.

‘ಐತಂತಾ? ಹಂಗಾರೆ ಅಂಗ್ಡಿ ತಾವ ಹೇಳ್ಬೋದಾ?’

‘ಈಗಲೇ ಬೇಡ ಮಾವ. ಇನ್ನೊಂದ್ಸಲ ನೀರು ತಗೋಬೇಕಂತೆ.’

‘ಆಯ್ತು, ಆವಮ್ಮನ್ನ ಕರ್ಕಂಬಾ. ಈ ಸಲ ಬಾಟ್ಲಿ ತಂಟೆಗೇ ಹೋಗಕ್ಕಿಲ್ಲ. ನೀನೂ ಮೀನು ತರ್ಬ್ಯಾಡ. ಹೊಳೆ ತಾವ್ಲೇ ನಾಟಿ ಕೋಳಿ ಕುಯ್ಸನ.’

ಆ ನೀರುನಾಯಿಯನ್ನು ನಮ್ಮ ಉಪಚಾರದಿಂದ ಕಾಪಾಡುವವರು ಯಾರು?