ಅಮೀನನಿಲ್ಲದ ಆದೇಶ

ಆದೇಶ ಬಂದಾಗ ಬುಧವಾರ ಬೆಳಿಗ್ಗೆ ಹನ್ನೊಂದೂವರೆ. ನಸ್ರೀನ್ ಎಂಬ ಹೆಂಗಸನ್ನು ಶುಕ್ರವಾರದ ವಿಮಾನದಲ್ಲಿ ಅವಳ ದೇಶಕ್ಕೆ ವಾಪಸು ಕಳಿಸಬೇಡಿ, ಅಲ್ಲಿ ಅವಳಿಗೆ ಚಿತ್ರಹಿಂಸೆಯ ಅಪಾಯವಿದೆ ಎಂದು ಸಮಿತಿ ಹೇಳಿತ್ತು. ದೇಶದೇಶಗಳು ಸೇರಿ ಸಹಿ ಹಾಕಿದ ಒಪ್ಪಂದವನ್ನು ಕಾಯಲು ಇರುವ ಸಮಿತಿ ಅದು. ಜಿನೀವಾದ ನಮ್ಮ ಆಫೀಸಿನಲ್ಲಿ ಚಪ್ಪಾಳೆ ಬಿತ್ತು. ವಕೀಲೆ ಮಾರ್ಗೊ ನನ್ನನ್ನು ತಬ್ಬಿಕೊಂಡಳು. ಆಮೇಲೆ ಎಲ್ಲರೂ ಕೋಟು ಹಾಕಿಕೊಂಡು ಊಟಕ್ಕೆ ಹೊರಟರು.

"ಇದನ್ನು ತಗೊಂಡು ಹೋಗೋರು ಯಾರು?" ಎಂದು ಕೇಳಿದೆ.

"ಎಲ್ಲಿಗೆ?" ಎಂದಳು ಮಾರ್ಗೊ.

"ನಸ್ರೀನ್ ಇರುವಲ್ಲಿಗೆ. ಅವಳನ್ನು ಕೂಡಿಹಾಕಿರೋರ ಬಾಗಿಲಿಗೆ."

ಸಮಿತಿಯವರು ಅವಳನ್ನು ಹಿಡಿದಿಟ್ಟಿರುವ ದೇಶದ ರಾಯಭಾರಿ ಕಚೇರಿಗೆ ಇಮೇಲ್ ಮಾಡಿದ್ದಾರೆ, ಅವರು ತಮ್ಮ ರಾಜಧಾನಿಗೆ ತಿಳಿಸುತ್ತಾರೆ, ಅಲ್ಲಿಂದ ಕೆಳಗಿನವರಿಗೆ ಹೋಗುತ್ತದೆ ಎಂದು ಅವಳು ತಾಳ್ಮೆಯಿಂದ ವಿವರಿಸಿದಳು. ಹೋಗದಿದ್ದರೆ? ಅವರು ಕೇಳದೆ ವಿಮಾನ ಹತ್ತಿಸಿಬಿಟ್ಟರೆ?

"ಸಮಿತಿ ವಿಷಾದ ವ್ಯಕ್ತಪಡಿಸುತ್ತದೆ. ವರದಿಯಲ್ಲಿ ಬರೆಯುತ್ತದೆ."

ನಾನು ಕುರ್ಚಿಯಲ್ಲಿ ಕುಸಿದು ಕುಳಿತೆ. ವಿಷಾದವಂತೆ! ಆ ಸಮಿತಿಯವರಿಗೆ ಇಷ್ಟು ದೊಡ್ಡ ಕಟ್ಟಡ, ಇಷ್ಟು ಬಾವುಟ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಆರು ಭಾಷೆಯಲ್ಲಿ ಕೇಳುವ ಇಷ್ಟು ಜನ, ಕೊನೆಗೆ ಒಬ್ಬ ಅಮೀನ ಇಲ್ಲ.

ಅಮೀನನ ಮಾತು ನನಗೇ ಯಾಕೆ ಹೊಳೆಯಿತೆಂದರೆ ನಾನು ಅಮೀನನ ಮಗಳು. ನನ್ನಪ್ಪ ರಂಗಪ್ಪ ಅರಸೀಕೆರೆ ಕೋರ್ಟಿನಲ್ಲಿ ಇಪ್ಪತ್ತೆಂಟು ವರ್ಷ ಅಮೀನರಾಗಿದ್ದರು. ನ್ಯಾಯಾಧೀಶರು ಬರೆದದ್ದನ್ನು ಊರೂರಿಗೆ ಹೊತ್ತು ಮುಟ್ಟಿಸುವ ಕೆಲಸ. ಚರ್ಮದ ಚೀಲದಲ್ಲಿ ಸಮನ್ಸು, ಆದೇಶ, ಇಂಕುಪ್ಯಾಡು, ಜೊತೆಗೆ ಅಮ್ಮ ಬೆಳಿಗ್ಗೆ ಕಾಸಿಕೊಟ್ಟ ಮೈದಾ ಅಂಟಿನ ಡಬ್ಬಿ. ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗಬೇಕು. ಬಾಗಿಲು ತೆಗೆಯದಿದ್ದರೆ ಇಬ್ಬರು ಪಂಚರ ಎದುರಿಗೆ ಕಾಗದವನ್ನು ಬಾಗಿಲಿಗೇ ಅಂಟಿಸಿ, ಅವರ ಸಹಿ ತೆಗೆದುಕೊಂಡು ಬರಬೇಕು. ನಮ್ಮದು ಬೌದ್ಧರಾದ ಮನೆ. ಅದಕ್ಕೂ ಮೊದಲು ನಾವು ಯಾರಾಗಿದ್ದೆವು ಎಂಬುದು ಹಳ್ಳಿಯ ಜಗಲಿಗಳಿಗೆಲ್ಲ ಗೊತ್ತಿತ್ತು. ಅಪ್ಪನನ್ನು ಅಂಗಳದಿಂದ ಒಳಗೆ ಕರೆಯದ ಮನೆಗಳೂ ಆ ಕಾಗದಕ್ಕೆ ಎದ್ದು ಬಂದು ಸಹಿ ಹಾಕುತ್ತಿದ್ದವು. "ಕಾಗದ ಕೈಲಿದ್ದಾಗ ನಾನು ರಂಗಪ್ಪ ಅಲ್ಲ ಕಣಮ್ಮ, ಕೋರ್ಟು" ಎನ್ನುತ್ತಿದ್ದರು. ಕಾನೂನು ಎಂದರೆ ನನಗೆ ಇವತ್ತಿಗೂ ಹಾರನಹಳ್ಳಿ ಬಸ್ಸಿನಿಂದ ಇಳಿಯುವ ಅಪ್ಪ.

ಹಾಸನದಲ್ಲಿ ಕಾನೂನು ಓದಿ, ವಿದ್ಯಾರ್ಥಿವೇತನದ ಕೈ ಹಿಡಿದು ಜಿನೀವಾಕ್ಕೆ ಬಂದವಳು ನಾನು. ಓದು ಮುಗಿದ ಮೇಲೆ, ಯಾರೂ ದಿಕ್ಕಿಲ್ಲದವರ ಪರವಾಗಿ ಸಮಿತಿಗಳಿಗೆ ಅರ್ಜಿ ಬರೆಯುವ ಈ ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಊರು ಯಾವುದು ಎಂದರೆ ಮೊದಲೆಲ್ಲ ಹಳೇಬೀಡಿನ ಫೋಟೋ ತೋರಿಸುತ್ತಿದ್ದೆ. "ಇದು ನಿಮ್ಮೂರಾ!" ಎಂದು ಬಾಯಿ ಬಿಡುತ್ತಿದ್ದರು. ಅಲ್ಲ, ಬೇಲೂರು ಹಳೇಬೀಡಿಗೆ ಹೋಗುವವರು ರೈಲಿಳಿಯುವ ಊರು ನಮ್ಮದು ಎಂದರೆ ಮುಖ ಸಪ್ಪಗಾಗುತ್ತಿತ್ತು. ನಮ್ಮೂರಿನವರಿಗೆ ಇದು ಅಭ್ಯಾಸವೇ. ಜಗತ್ತೆಲ್ಲ ನಮ್ಮಲ್ಲಿ ಇಳಿದು ಮುಂದಕ್ಕೆ ಹೋಗುತ್ತದೆ.

ಇಲ್ಲಿ ಮನೆ ಹಿಡಿಯುವುದು ನಮ್ಮೂರ ಹತ್ತಿರದ ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತಿದ ಹಾಗೆ, ಮುಗಿಯಿತೆನ್ನುವಾಗ ಇನ್ನೊಂದಷ್ಟು ಇರುತ್ತವೆ. ಬಾಡಿಗೆ ಮನೆ ಕೊಡುವ ಏಜೆನ್ಸಿಗೆ 'ರೆಜಿ' ಎನ್ನುತ್ತಾರೆ. ಅವರು ಸಂಬಳದ ಚೀಟಿಯ ಜೊತೆ 'ಪೂರ್ಸ್ವೀತ್' ಕಚೇರಿಯ ಪತ್ರವನ್ನೂ ಕೇಳಿದರು. ಸಾಲ ಬಾಕಿಗಾಗಿ ಯಾರೂ ನಿಮ್ಮ ಬೆನ್ನು ಹತ್ತಿಲ್ಲ ಎಂಬ ಸರ್ಕಾರಿ ಪತ್ರ ಅದು. ಬೆನ್ನು ಹತ್ತುವುದಕ್ಕೆಂದೇ ಇಲ್ಲಿ ಸಂಬಳದ ಮನುಷ್ಯ ಇದ್ದಾನೆ, 'ಉಯಿಸಿಯೇ' ಎನ್ನುತ್ತಾರೆ. ಅಪ್ಪನಂಥದೇ ಕೆಲಸದವನು ಎಂದು ಆಗ ನಕ್ಕಿದ್ದೆ. ಆ ಬುಧವಾರ ನಗು ಬರಲಿಲ್ಲ. ಟಿವಿ ಕಂತಿನ ಬಾಕಿಗೆ ಅಮೀನ ಇದ್ದಾನೆ, ಹೆಂಗಸಿನ ಜೀವಕ್ಕೆ ಇಲ್ಲ. ಇದು ಎಂಥ ನ್ಯಾಯವೋ ನನಗಂತೂ ಅರ್ಥವಾಗಲಿಲ್ಲ.

ನಸ್ರೀನಳ ಮುಖ ನಾನು ನೋಡಿರಲಿಲ್ಲ. ಅದು ಅವಳ ನಿಜ ಹೆಸರೂ ಅಲ್ಲ. ಅವಳನ್ನು ಹಿಡಿದಿಟ್ಟಿದ್ದ ಯುರೋಪಿನ ದೇಶದ ಹೆಸರನ್ನೂ ನಾನು ಬರೆಯುವಂತಿಲ್ಲ. ಅವಳು ತನ್ನ ದೇಶದಲ್ಲಿ ಟೀಚರಾಗಿದ್ದವಳು. ಲಾಕಪ್ಪಿನಲ್ಲಿ ಸತ್ತ ಗಂಡನ ಪರ ಸಾಕ್ಷಿ ಹೇಳಿದಳು, ಅದಕ್ಕೆ ಅದೇ ಲಾಕಪ್ಪಿನಲ್ಲಿ ಒಂಬತ್ತು ದಿನ ಇಟ್ಟರು. ಎಡಗೈಯ ಬೆರಳುಗಳು ಮಡಚುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದಳು. ಅವಳ ಮಾತನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ. ನನ್ನ ಉರ್ದು ಅರಸೀಕೆರೆಯ ಓಣಿಯಲ್ಲಿ ಕುಂಟೆಬಿಲ್ಲೆ ಆಡುತ್ತಾ ಕಲಿತದ್ದು. ಮೊದಲ ದಿನ ನಾನು "ನಕ್ಕೋ ರೋವೋ" ಎಂದಾಗ, ಅಂದರೆ ಅಳಬೇಡ ಎಂದಾಗ, ಅವಳು ಅಳು ನಿಲ್ಲಿಸಿ ನಕ್ಕುಬಿಟ್ಟಳು. "ಇದು ಯಾವ ದೇಶದ ಉರ್ದು?" ಎಂದಳು. "ಅರಸೀಕೆರೆ ದೇಶದ್ದು" ಎಂದೆ. ಅವತ್ತಿನಿಂದ ನನ್ನನ್ನು ಅರಸೀಕೆರೆ ಎಂದೇ ಕರೆಯುತ್ತಿದ್ದಳು.

ಅವಳಿಗೆ ಧೈರ್ಯ ತುಂಬಲು ನಾನು ಒಂದು ಕತೆ ಹೇಳುತ್ತಿದ್ದೆ. ಹಾರನಹಳ್ಳಿ ಕಡೆಯ ಅಮ್ಮನ ಹಳ್ಳಿಯಲ್ಲಿ ನಮ್ಮವರು ಹೆಣ ಹೊತ್ತು ಸ್ಮಶಾನಕ್ಕೆ ಹೋಗುವ ದಾರಿಗೆ ತೆಂಗಿನ ತೋಟದವರೊಬ್ಬರು ಬೇಲಿ ಹಾಕಿದ್ದರು. ಕೆರೆ ಏರಿಯ ಮೇಲೆ ಎರಡು ಮೈಲಿ ಸುತ್ತಬೇಕಿತ್ತು. ನಮ್ಮವರು ಕೋರ್ಟಿಗೆ ಹೋದರು, ಗೆದ್ದರು. ಆ ಆದೇಶ ಹೊತ್ತು ಹೋದ ಅಮೀನ ನನ್ನಪ್ಪನೇ. ತೋಟದ ಯಜಮಾನರು ಸಹಿ ಹಾಕಿದರು, ದಾರಿ ತೆರೆಯಿತು. "ಕಾಗದ ಬಾಗಿಲಿಗೆ ಬಂದರೆ ಮುಗೀತು ನಸ್ರೀನ್" ಎನ್ನುತ್ತಿದ್ದೆ. ಅವಳು ಕೂಸಿನ ಹಾಗೆ ಅದನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದಳು.

ಗುರುವಾರ ಬೆಳಿಗ್ಗೆ ಫೋನ್ ಮಾಡಿದಳು. ಅವಳಿಗೂ, ಅಲ್ಲಿಯ ಕಾವಲಿನವರಿಗೂ ಯಾವ ಸುದ್ದಿಯೂ ತಲುಪಿರಲಿಲ್ಲ. ನಾಳೆಗೆ ಬ್ಯಾಗು ಕಟ್ಟಿಕೋ ಎಂದಿದ್ದರಂತೆ. "ಅರಸೀಕೆರೆ, ಕಾಗದ ಎಲ್ಲಿ?" ಎಂದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದನ್ನು ಅವಳ ಭಾಷೆಯಲ್ಲಿ ಹೇಗೆ ಹೇಳುವುದೋ ನನಗೆ ತಿಳಿಯಲಿಲ್ಲ.

ಮಾರ್ಗೊ ಇನ್ನೊಂದು ಇಮೇಲ್ ಬರೆಯುತ್ತಾ ಕುಳಿತಿದ್ದಳು. ನಾನು ಆದೇಶವನ್ನು ಪ್ರಿಂಟು ತೆಗೆದೆ, ಹೊಟ್ಟೆನೋವು ಎಂದು ಸುಳ್ಳು ಹೇಳಿದೆ, ಸ್ಟೇಷನ್ನಿನ ಅಂಗಡಿಯಲ್ಲಿ ಒಂದು ಅಂಟಿನ ಕಡ್ಡಿ ಕೊಂಡು ರೈಲು ಹತ್ತಿದೆ. ಐದು ಗಂಟೆಯ ದಾರಿ. ತಪ್ಪು ಮಾಡುತ್ತಿದ್ದೇನೆ ಎಂದು ಗೊತ್ತಿತ್ತು. ಆ ಕಾಗದ ಹಿಡಿದು ಹೋಗಲು ನನಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ.

ನಸ್ರೀನಳನ್ನು ಇಟ್ಟಿದ್ದದ್ದು ಜೈಲಲ್ಲ, ಹೊರದೇಶದವರನ್ನು ಕಳಿಸುವ ತನಕ ಇಡುವ ಕೇಂದ್ರ. ಗಾಜಿನ ಬಾಗಿಲು, ಮುಂದೆ ಹೂವಿನ ಕುಂಡ. ಮೂರು ಸಲ ಗಂಟೆ ಒತ್ತಿದೆ. ಗೋಡೆಯ ಸ್ಪೀಕರಿನಿಂದ ಹೆಂಗಸಿನ ದನಿ, "ಭೇಟಿಯ ಸಮಯ ಮುಗಿದಿದೆ, ನಾಳೆ ಬನ್ನಿ." ನಾಳೆ ವಿಮಾನವಿತ್ತು. ಮೂರು ಸಲ ಕರೆದದ್ದಾಯಿತಲ್ಲ, ಕಡ್ಡಿ ತೆಗೆದು ಕಾಗದದ ನಾಲ್ಕೂ ಮೂಲೆಗೆ ಅಂಟು ಬಳಿದು ಗಾಜಿಗೆ ಒತ್ತಿದೆ. ಅಳಿಯನನ್ನು ನೋಡಲು ಕಿತ್ತಳೆ ಹಣ್ಣು ತಂದು ಹೊರಗೇ ಉಳಿದಿದ್ದ ಅಜ್ಜಿಯೊಬ್ಬಳನ್ನೂ, ಬ್ರೆಡ್ಡಿನ ವ್ಯಾನಿನ ಡ್ರೈವರನ್ನೂ ಕರೆದು ಸಹಿ ಹಾಕಿ ಎಂದೆ. ನಮ್ಮ ಕಡೆಯಾದರೆ ನಿನ್ನ ಮನೆ ಎಲ್ಲಿ, ನೀನು ಯಾರ ಮಗಳು ಎಂದು ಕೇಳಿ ಕೊನೆಗೆ ಕೆಲಸವಿದೆ ಎಂದು ಜಾರಿಕೊಳ್ಳುತ್ತಾರೆ. ಆ ಇಬ್ಬರೂ ಏನೂ ಕೇಳದೆ ಸಹಿ ಹಾಕಿದರು.

ಕಾವಲಿನವನು ಓಡಿ ಬಂದ. ಹರಿದು ಬಿಸಾಡುತ್ತಾನೆ ಎಂದುಕೊಂಡೆ. ಅವನು ಗಾಜಿನ ಮುಂದೆ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದ. ಮತ್ತೆ ಓದಿದ. ಅವನ ಮುಖದ ಬಣ್ಣ ಇಳಿಯಿತು.

"ನಮಗೆ ಯಾರೂ ಹೇಳಿಲ್ಲ," ಎಂದ. "ನಾಳೆ ಅವಳನ್ನು ವಿಮಾನ ಹತ್ತಿಸುವ ಡ್ಯೂಟಿ ನನ್ನದು."

ನನ್ನ ಪಾಸ್‌ಪೋರ್ಟಿನ ನಂಬರು ಬರೆದುಕೊಂಡ. ಕಾಗದದ ಫೋಟೋ ತೆಗೆದು ಯಾರಿಗೋ ಫೋನು ಮಾಡಿದ.

ಶುಕ್ರವಾರ ಹತ್ತು ಗಂಟೆಗೆ ನನ್ನ ಫೋನು ಹೊಡೆದುಕೊಂಡಿತು. "ಹೌ ಅರಸೀಕೆರೆ, ಇಧರಿಚ್ ಹೂಂ!" ಎಂದು ಆಚೆಯಿಂದ ನನ್ನ ಓಣಿಯ ಉರ್ದುವಿನಲ್ಲೇ ನಸ್ರೀನ್ ಕೂಗಿದಳು. ಇಲ್ಲೇ ಇದ್ದೇನೆ ಎಂದು. ಜಿನೀವಾಕ್ಕೆ ಮರಳಿದ್ದ ನಾನು ಟ್ರಾಮ್ ಸ್ಟಾಪಿನಲ್ಲಿ ನಿಂತು ಹೋ ಎಂದು ಅತ್ತೆ. ಇಮೇಲ್ ತಲುಪಿತೋ ಅಂಟು ಕೆಲಸ ಮಾಡಿತೋ ಇವತ್ತಿಗೂ ಗೊತ್ತಿಲ್ಲ. ಆಫೀಸಿನವರು ನನಗೊಂದು ಎಚ್ಚರಿಕೆಯ ಪತ್ರ ಕೊಟ್ಟರು, ಮಾರ್ಗೊ ಗುಟ್ಟಾಗಿ ಕೇಕು ತಂದಳು. ಆದರೆ ಆ ಆದೇಶ ಬರೀ ತಾತ್ಕಾಲಿಕ. ಅವಳ ಅರ್ಜಿ ಪೂರ್ತಿ ವಿಚಾರಣೆಯಾಗುವ ತನಕ ಮಾತ್ರ. ಅದಕ್ಕೆ ವರ್ಷಗಳೇ ಬೇಕು, ಅಷ್ಟು ದಿನವೂ ಅವಳು ಕಾಯಬೇಕು.

ನಾಲ್ಕು ತಿಂಗಳ ಮೇಲೆ ರಜೆಗೆ ಊರಿಗೆ ಹೋದೆ. ಅಪ್ಪನಿಗೆ ಎಲ್ಲ ಹೇಳಿದೆ. "ಪಂಚರ ಸಹಿ ತಗೊಂಡ್ಯಾ?" ಎಂದು ಮೊದಲು ಕೇಳಿದ್ದು ಅದನ್ನೇ. ತಗೊಂಡೆ ಎಂದಾಗ ಮುಖ ಅರಳಿತು. ಇಬ್ಬರೂ ಸೇರಿ ಹಳ್ಳಿಗೆ ಹೋಗಿ ಆ ದಾರಿಯಲ್ಲಿ ಒಂದು ಸಲ ನಡೆದು ಬರೋಣ, ನಸ್ರೀನಳಿಗೆ ಫೋಟೋ ಕಳಿಸಬೇಕು ಎಂದೆ. ಅರಳಿದ ಮುಖ ಮುದುಡಿತು. ಮಂಡಿನೋವು ಎಂದರು. ಬಿಸಿಲು ಎಂದರು. ನಾನೊಬ್ಬಳೇ ಬಸ್ಸು ಹತ್ತಿದೆ.

ಹಳ್ಳಿಯಲ್ಲಿ ಅಮ್ಮನ ತಂಗಿ ತಿಮ್ಮಕ್ಕ ಇದ್ದಾಳೆ. ದಾರಿ ತೋರಿಸು ಚಿಕ್ಕಮ್ಮ ಎಂದೆ.

"ಯಾವ್ ದಾರಿನವ್ವ?"

"ಅಪ್ಪ ಆದೇಶ ತಂದು ತೆಗೆಸಿದ್ದು."

ಅವಳು ನನ್ನ ಕೈ ಹಿಡಿದು ಕರೆದುಕೊಂಡು ಹೋದಳು. ಕಲ್ಲುಕಂಬದ ಬೇಲಿ ಹಾಗೇ ಇತ್ತು. ತಂತಿ ಮಾತ್ರ ಹೊಸದು.

"ನಿಮ್ಮಪ್ಪ ಕಾಗ್ದ ತಂದಿದ್ದೂ ನಿಜ, ಯಜಮಾನ್ರು ಸೈನ್ ಹಾಕಿದ್ದೂ ನಿಜ. ಬೇಲಿನೂ ಕಿತ್ರು. ಮಾರ್ನೆ ದಿನ ತಿರ್ಗಾ ನಿಲ್ಲಿಸಿದ್ರು. ಕೋರ್ಟಿಗೆ ಇನ್ನೊಂದ್ಸಲ ಹೋಗಿ ಹೇಳೋರ್ಯಾರು? ಅವ್ರ ತ್ವಾಟದಾಗೆ ಕಾಯಿ ಸುಲಿಯೋರು ನಾವು. ಹೋದ್ ತಿಂಗ್ಳು ನಿಮ್ ಮಾವುನ್ನೂ ಏರಿ ಮ್ಯಾಲೇ ಹೊತ್ಕಂಡು ಹೋದ್ವು."

ಎದೆಗೆ ಒದ್ದ ಹಾಗಾಯಿತು. ಜಿನೀವಾದಲ್ಲಿ ಕುಸಿದು ಕುಳಿತದ್ದು ಇದರ ಮುಂದೆ ಏನೂ ಅಲ್ಲ. ಅಲ್ಲಿಯವರಿಗೆ ಅಮೀನ ಇಲ್ಲ ಎಂದು ಬೈದುಕೊಂಡಿದ್ದೆನಲ್ಲ, ಇಲ್ಲಿ ಅಮೀನ ಇದ್ದ, ನನ್ನ ಹೆತ್ತ ಅಪ್ಪನೇ ಇದ್ದ.

ತಿಮ್ಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾವ್ದೋ ದೇಸದ ಹೆಂಗಸ್ಗೆ ಕಾಗ್ದ ಅಂಟ್ಸಿ ಉಳಿಸ್ದಂತೆ, ನಿಮ್ಮಮ್ಮ ಫೋನ್ ಮಾಡಿ ಹೇಳಿದ್ಲು. ನಮ್ದೂ ಒಂದು ಅಲ್ಲಿಗೆ ಬರ್ದು ತರ್ಸಕಾಗಲ್ವಾ?"

ಆಗುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕಿದರಷ್ಟೇ ಸಾಲದು, ನಮ್ಮ ಜನ ನೇರವಾಗಿ ಸಮಿತಿಗೆ ದೂರು ಬರೆಯಬಹುದು ಎಂದು ಆಯಾ ಸರ್ಕಾರ ಬೇರೆಯಾಗಿ ಒಪ್ಪಬೇಕು. ನಮ್ಮ ಸರ್ಕಾರ ಒಪ್ಪಿಲ್ಲ. ದೂರು ಕೇಳುವ ಇಂಥ ಯಾವ ಸಮಿತಿಯೂ ಅರಸೀಕೆರೆಯವರ ಅರ್ಜಿ ತೆಗೆದುಕೊಳ್ಳುವುದಿಲ್ಲ. ಇದನ್ನೆಲ್ಲ ಹೇಗೋ ಹೇಳಿದೆ.

"ಅಂಗಾರೆ ನಿನ್ನ ಕೆಲ್ಸಕ್ಕೆ ಇಟ್ಕಂಡವ್ರೆ, ನಮ್ ಕಾಗ್ದ ಮಾತ್ರ ಬ್ಯಾಡ್ವಂತಾ?" ಎಂದಳು. ಸಿಟ್ಟಿರಲಿಲ್ಲ, ನಿಜವಾಗಿ ಆಶ್ಚರ್ಯಪಟ್ಟು ಕೇಳಿದಳು.

ಸಂಜೆ ಅಪ್ಪನ ಮುಂದೆ ನಿಂತೆ. "ದಾರಿ ತೆರೀತು ಅಂತ ನನಗ್ಯಾಕೆ ಹೇಳಿದ್ರಿ?"

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಒಂದು ದಿವಸ ತೆರೆದಿತ್ತು ಕಣಮ್ಮ. ನೀನಾಗ ಐದನೇ ಕ್ಲಾಸು. ಲಾಯರ್ ಆಗ್ತೀನಿ ಅಂತ ಕುಣೀತಿದ್ದೆ. ಮಾರನೇ ದಿನದ್ದನ್ನ ಹೇಳಿದ್ರೆ ನೀನು ಓದ್ತಿದ್ಯಾ?"

ಎರಡು ದಿನ ಅವರ ಜೊತೆ ಮಾತೇ ಆಡಲಿಲ್ಲ. ಹೊರಡುವ ದಿನ ಅವರು ನನ್ನ ಪೆಟ್ಟಿಗೆಯಲ್ಲಿ ಕೊಬ್ಬರಿಯ ಪಕ್ಕ ಆ ಹಳೆಯ ಅಂಟಿನ ಡಬ್ಬಿ ಇಟ್ಟಿದ್ದರು. ನಾನು ಅದನ್ನು ಹೊರಗೆ ತೆಗೆದಿಡಲಿಲ್ಲ.

ಈಗ ಮತ್ತೆ ಜಿನೀವಾದಲ್ಲಿದ್ದೇನೆ. ಸಿಂಹಳದವರ ಅಂಗಡಿಯಲ್ಲಿ 'ಕುರಕ್ಕನ್' ಎಂಬ ಹೆಸರಿನಲ್ಲಿ ರಾಗಿ ಹಿಟ್ಟು ಸಿಗುತ್ತದೆ ಎಂದು ಕಂಡುಹಿಡಿದಿದ್ದೇನೆ. ಅರ್ಜಿಯ ನಮೂನೆಯಲ್ಲಿ ಯಾವ ದೇಶದ ವಿರುದ್ಧ ದೂರು ಎಂಬ ಕಡೆ ಬೇರೆಯವರ ದೇಶಗಳ ಹೆಸರು ತುಂಬುವಾಗ ಪ್ರತಿ ಸಲವೂ ತಿಮ್ಮಕ್ಕನ ಪ್ರಶ್ನೆ ಕಿವಿಗೆ ಬೀಳುತ್ತದೆ. ಆ ಹಳ್ಳಿಯ ಆದೇಶದ ನಕಲು ತೆಗೆಸಿ ಎಂದು ಅಪ್ಪನಿಗೆ ಹೇಳಿದ್ದೇನೆ. ತೆಗೆಸಿದ್ದಾರೆ. ಕೋರ್ಟಿಗೆ ಮತ್ತೆ ದೂರು ಕೊಡಲು ಹಳ್ಳಿಯಿಂದ ಇನ್ನೂ ಯಾರೂ ಮುಂದೆ ಬಂದಿಲ್ಲ.

ನಾನು ಊರಿನಿಂದ ಬಂದ ವಾರವೇ ನಸ್ರೀನ್ ಫೋನು ಮಾಡಿದಳು. ಅವಳಿನ್ನೂ ಆ ಗಾಜಿನ ಬಾಗಿಲಿನ ಒಳಗೇ ಇದ್ದಾಳೆ. ವಿಚಾರಣೆಯ ಸುದ್ದಿ ಇಲ್ಲ. ರಾತ್ರಿ ನಿದ್ದೆ ಬಾರದಿದ್ದರೆ ನಿಮ್ಮೂರಿನ ದಾರಿ ನೆನೆಸಿಕೊಳ್ಳುತ್ತೇನೆ ಎಂದಳು.

"ಹೋಗಿದ್ದೆಯಾ, ಅರಸೀಕೆರೆ? ದಾರಿ ಹೇಗಿದೆ?"

ಅವಳ ಮಡಚದ ಬೆರಳು ನೆನಪಾಯಿತು. ತೆರೆದಿದೆ, ಎರಡೂ ಕಡೆ ತೆಂಗಿನ ಮರ, ಜನ ಓಡಾಡುತ್ತಾರೆ ಎಂದೆ. ಅಪ್ಪನ ದನಿಯೇ ನನ್ನ ಬಾಯಿಂದ ಬಂದ ಹಾಗಾಯಿತು. ಅವತ್ತು ರಾತ್ರಿಯೇ ಅಪ್ಪನಿಗೆ ಫೋನು ಮಾಡಿ, ಊಟ ಆಯಿತಾ ಎಂದು ಕೇಳಿದೆ.

ನಿಮಗೆ ಮಾತ್ರ ನಿಜ ಬರೆದಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ.