ಹೇಳಿದವರ ಹೆಸರು
ಗುಂಡ್ಲುಪೇಟೆಯ ಗುಮಾಸ್ತ ನಾಗಮಲ್ಲಪ್ಪನವರು ಇನ್ನೊಬ್ಬರ ಮಾತನ್ನು ಎಂದೂ ತಮ್ಮದೆಂದು ಹೇಳಿಕೊಂಡವರಲ್ಲ. ಟೀ ಅಂಗಡಿಯಲ್ಲಿ ಒಂದು ಗಾದೆ ಹೇಳಿದರೂ "ಇದು ನಂದಲ್ಲ ಕಣ್ಲಾ, ಉಡಿಗಾಲದ ಸಿದ್ದಯ್ಯಂದು" ಎಂದು ಸೇರಿಸುತ್ತಾರೆ. ಸಾರಿಗೆ ಉಪ್ಪು ಕಮ್ಮಿ ಎನ್ನುವಾಗಲೂ, ಮೊದಲು ಹಾಗಂದದ್ದು ಮಗಳು ಭಾನು ಎಂದು ಹೆಂಡತಿಗೆ ತಿಳಿಸುತ್ತಾರೆ. ಫೇಸ್‌ಬುಕ್ಕಿನಲ್ಲಿ ಅವರು ಬರೆಯುವ ಊರ ಕತೆ ನಾಲ್ಕು ಸಾಲಾದರೆ, ಹೇಳಿದವರ ಹೆಸರು, ಅವರಿಗೆ ಹೇಳಿದವರ ಹೆಸರು ಸೇರಿ ಆರು ಸಾಲು. ಹಂಗಳದ ದೊಡ್ಡಮಾದಮ್ಮ ತನ್ನ ಹಲಸಿನ ಮರಕ್ಕೆ ಬಂದ ಆನೆಗೆ "ತಿನ್ಕೊಂಡ್ ಓಗಪ್ಪ, ಬೇಲಿ ಮಾತ್ರ ಮುರೀಬ್ಯಾಡ" ಎಂದು ಬುದ್ಧಿ ಹೇಳಿದ್ದನ್ನೂ ಇವರು ಹೀಗೇ ಬರೆದಿದ್ದರು; ಆ ಕತೆಯನ್ನು ಈಚೆಗೆ ಯಾವುದೋ ದೊಡ್ಡ ಪೇಜಿನವರು ಹೆಸರುಗಳನ್ನೆಲ್ಲ ಅಳಿಸಿ ತಮ್ಮದೆಂದು ಹಾಕಿಕೊಂಡರು. ಯಾರೊಡನೆಯೂ ಜಗಳವಾಡದ ನಾಗಮಲ್ಲಪ್ಪನವರು ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಅವರಿಗೆ ಬರೆದರು: "ಅದು ದೊಡ್ಡಮಾದಮ್ಮನ ಮಾತು. ಅವರ ಹೆಸರು ಹಾಕಿ." ಕೊನೆಗೆ ಪೇಜಿನವರು ಬೇಸತ್ತು ಹಾಕಿದರು. ಅಂದೇ ಇವರು ಬಸ್ಸು ಹತ್ತಿ ಹಂಗಳಕ್ಕೆ ಹೋಗಿ, ಚೆಂಡುಹೂ ಬಿಡಿಸುತ್ತಿದ್ದ ದೊಡ್ಡಮಾದಮ್ಮನಿಗೆ ಅದನ್ನು ಫೋನಿನಲ್ಲಿ ತೋರಿಸಿ ಓದಿ ಹೇಳಿದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಇನ್ನೊಮ್ಮೆ ಓದಿಸಿದಳು. ಆಮೇಲೆ "ನಿನ್ನೆಸ್ರು ಎಲ್ಲಪ್ಪ?" ಎಂದು ಕೇಳಿದಳು. "ನಂದ್ಯಾಕವ್ವ, ಮಾತು ನಿಂದಲ್ವಾ?" ಎಂದರು ಇವರು. "ಮಾತು ನಂದೇ ಕಣಪ್ಪ. ಆದ್ರೆ ನಾನು ಏಳಿದ್ದು ಆನೆಗೆ. ಊರ್ಗೆಲ್ಲ ಏಳ್ದೋನು ನೀನು" ಎಂದಳು ಮುದುಕಿ. ನಾಗಮಲ್ಲಪ್ಪನವರು ಅಲ್ಲೇ ಹೊಲದ ಬದುವಿನ ಮೇಲೆ ಕೂತು, ಬರೆದವನು ನಾನು, ನನ್ನ ಹೆಸರನ್ನೂ ಹಾಕಿ ಎಂದು ಪೇಜಿನವರಿಗೆ ಬರೆದರು.